ರಸ್ತೆ ಬಿಟ್ಟು ಬಾವಿಗಿಳಿದ ಓಟಗಾರ

ನಮ್ಮ ಕಡೆ ಬೆಳಗಿನಿಂದ ಸಂಜೆವರೆಗೂ ಜಗಲಿ ಮೇಲೆ ಸುಮ್ಮನೆ ಕೂತರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಕಾರಣವಿಲ್ಲದೆ ನಾಲ್ಕು ಹೆಜ್ಜೆ ಓಡಿ ನೋಡಿ, ಏನಾದರೊಂದು ಆಗಿಯೇ ತೀರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಿಪಟೂರು ತಾಲ್ಲೂಕಿನ ನಮ್ಮೂರಿನ ಹೈಸ್ಕೂಲಿಗೇ ಡ್ರಿಲ್ ಮೇಷ್ಟ್ರಾಗಿ ಸೇರಿದ್ದೆ. ಕಾಲೇಜಿನಲ್ಲಿ ಓಟದ ಕಪ್ ಗೆದ್ದ ಹುರುಪು ಇನ್ನೂ ಇಳಿದಿರಲಿಲ್ಲ. ಒಮ್ಮೆಯಾದರೂ ರಾಜ್ಯಮಟ್ಟದಲ್ಲಿ ಓಡಬೇಕೆಂಬ ಆಸೆಗೆ ದಿನಾ ಬೆಳಗ್ಗೆ ತೋಟಗಳ ನಡುವಿನ ರಸ್ತೆಯಲ್ಲಿ ಓಡುತ್ತಿದ್ದೆ. ನನ್ನ ಕಾಲು ಗಟ್ಟಿಯಾಗಿಯೇ ಇತ್ತು. ಜನ ಬಿಡಬೇಕಲ್ಲ!

ತಪ್ಪಿಹೋದ ಬಸ್ಸು

ಒಂದು ದಿನ ಕಿಬ್ಬನಹಳ್ಳಿ ದಾಟಿ ಓಡುತ್ತಿದ್ದೆ. ತಿಪಟೂರಿಗೆ ಹೋಗುವ ಬಸ್ಸು ನನ್ನನ್ನು ಹಿಂದೆ ಹಾಕಿ ಮುಂದೆ ಹೋಗಿ ಗಕ್ಕನೆ ನಿಂತಿತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಕೈ ಬೀಸಿದ.

"ಬನ್ರೀ, ಬನ್ರೀ! ಎಷ್ಟು ದೂರದಿಂದ ಓಡ್ ಬತ್ತಾ ಇದೀರೋ ಪಾಪ."

"ಬಸ್ಸಿಗಲ್ಲ ಕಣ್ರೀ, ನಾನು ಸುಮ್ನೆ ಓಡ್ತಾ ಇದೀನಿ."

ಕಂಡಕ್ಟರು ನನ್ನ ಬನಿಯನ್ನು, ಚಡ್ಡಿ ನೋಡಿದ. ಅವನ ಮುಖ ಮೆತ್ತಗಾಯಿತು. "ಕಾಸಿಲ್ದಿದ್ರೆ ಇಲ್ಲ ಅಂತ ಹೇಳಿ, ನಾಚ್ಕೆ ಯಾಕೆ? ಹತ್ಕಳಿ" ಎಂದ. ಒಳಗಿದ್ದ ಅಜ್ಜಿಯೊಬ್ಬಳು ಆಗಲೇ ಸರಿದು ಜಾಗ ಮಾಡಿ, "ಬಾ ಮಗಾ, ಕುತ್ಕೋ" ಎಂದು ಸೀಟು ತಟ್ಟುತ್ತಿದ್ದಳು. ಬಸ್ಸಿನ ತುಂಬಾ ಜನ ನನಗಾಗಿ ಕಾದಿರುವಾಗ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಹತ್ತಿದೆ.

ಸಂತೆಯ ದಿನ ತಿಪಟೂರಿನ ನಡುಬೀದಿಯಲ್ಲಿ ಚಡ್ಡಿಯಲ್ಲಿ ಇಳಿದೆ. ಪರಿಚಯದವರ ಕಣ್ಣು ತಪ್ಪಿಸಿಕೊಂಡು ಊರ ಹೊರಗೆ ಬಂದು ವಾಪಸ್ ಓಡತೊಡಗಿದೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಅದೇ ಬಸ್ಸು ಬಂದು ಪಕ್ಕದಲ್ಲೇ ನಿಂತಿತು. ಕಂಡಕ್ಟರು ತಲೆ ಹೊರಗೆ ಹಾಕಿ ಮರುಗಿದ:

"ಮತ್ತೆ ತಪ್ಪುಸ್ಕಂಡ್ರಾ?"

ಅತ್ತೆಯ ಅಳು

ಆಗ ಹಳ್ಳಿಗಳಲ್ಲಿ ಫೋನಿಲ್ಲ. ಯಾರಾದರೂ ತೀರಿಕೊಂಡರೆ ನೆಂಟರ ಊರಿಗೆ ಆಳು ಕಳಿಸುವುದು ಪದ್ಧತಿ. ಹಾಗಾಗಿ ಬೆಳ್ಳಂಬೆಳಗ್ಗೆ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದವನನ್ನು ಯಾರೂ ಏನು ಅಂತ ಕೇಳುತ್ತಿರಲಿಲ್ಲ, ಯಾರು ಅಂತ ಕೇಳುತ್ತಿದ್ದರು. ಇದು ನನಗೂ ಗೊತ್ತಿತ್ತು. ಓಡುವ ಹುಮ್ಮಸ್ಸಿನಲ್ಲಿ ನೆನಪಾಗಲಿಲ್ಲ, ಅಷ್ಟೆ.

ಒಂದು ಭಾನುವಾರ ದೂರದ ಓಟ ಓಡೋಣವೆಂದು ಹೊರಟವನು, ಸಂಪಿಗೆ ಅನ್ನುವ ಊರಿನ ಪಕ್ಕದ ಹಳ್ಳಿಯಲ್ಲಿದ್ದ ನಮ್ಮ ಸೋದರತ್ತೆಯ ಮನೆವರೆಗೂ ಓಡಿದೆ. ಅತ್ತೆ ಅಂಗಳಕ್ಕೆ ನೀರು ಹಾಕುತ್ತಿದ್ದರು. ನನ್ನನ್ನು ನೋಡಿ ಅವರ ಕೈಯಿಂದ ಚೊಂಬು ಬಿತ್ತು.

"ನಮ್ಮಣ್ಣ ಹುಷಾರಾಗವ್ನೇನ್ಲಾ?"

ನನಗೆ ಉಸಿರೇ ಇಲ್ಲ. ಸ್ವಲ್ಪ ತಡಿ ಅನ್ನಲು ಕೈ ಮೇಲೆತ್ತಿದೆ. ಅತ್ತೆ ನನ್ನ ಕೈ ನೋಡಿದರು, ಅದರ ಮೇಲಿನ ಆಕಾಶ ನೋಡಿದರು.

"ಅಯ್ಯೋ ನಮ್ಮಣ್ಣಯ್ಯೋ! ನನ್ನ ತವರು ಮುಗೀತಲ್ಲಪ್ಪೋ!"

ನನಗೆ ಮಾತು ಬರುವಷ್ಟರಲ್ಲಿ ಬೀದಿಯೇ ಸೇರಿತ್ತು. "ಅಪ್ಪ ಚೆನ್ನಾಗವ್ರೆ ಕಣತ್ತೆ" ಅಂದರೆ, "ಪಾಪ, ದುಃಖ ತಲೆಗೇರೈತೆ ಹುಡುಗ್ನಿಗೆ" ಎಂದು ಯಾರೋ ನನ್ನ ನೆತ್ತಿಗೆ ತಣ್ಣೀರು ತಟ್ಟಿದರು. ಕಾಯಿ ತುಂಬಲು ಬಂದಿದ್ದ ಲಾರಿ ಖಾಲಿಯಿತ್ತು. ಅದರಲ್ಲಿ ಅತ್ತೆ, ಮಾವ, ಅಕ್ಕಪಕ್ಕದವರು, ನಡುವೆ ನಾನು. ದಾರಿಯುದ್ದಕ್ಕೂ ಅಳು.

ನಮ್ಮ ಮನೆ ಮುಂದೆ ಲಾರಿ ನಿಂತಾಗ ಅಪ್ಪ ಜಗಲಿಯಲ್ಲಿ ಕೂತು ಉಪ್ಪೆಸರಿಗೆ ಮುದ್ದೆ ಮುರಿದು ಅದ್ದುತ್ತಿದ್ದರು. ಅಳುತ್ತಾ ಇಳಿದ ತಂಗಿಯನ್ನು ನೋಡಿ ಗಾಬರಿಯಾಗಿ, "ಯಾರವ್ವಾ ಹೋಗಿದ್ದು?" ಎಂದರು. ಅತ್ತೆಯ ಅಳು ನಿಂತಿತು. ಸೆರಗಿನಿಂದ ಮೂಗು ಒರೆಸಿಕೊಂಡು ಅಣ್ಣನ ಮೇಲೆ ಹರಿಹಾಯ್ದರು:

"ಅಲ್ಲ ಕಣಣ್ಣ, ಬದುಕಿದ್ರೆ ಬದುಕಿದೀನಿ ಅಂತ ಒಂದ್ ಮಾತು ಹೇಳ್ ಕಳ್ಸಕ್ಕೇನಾಗಿತ್ತು ನಿಂಗೆ?"

ಹಾಲು ಕರೆಯುವ ಹೊತ್ತು

ಆಮೇಲೆ ಹೊಸ ಕಾಟ ಶುರುವಾಯಿತು. "ಹೆಂಗೂ ಓಡ್ತೀರಲ್ಲ ಮೇಷ್ಟ್ರೇ" ಎಂದು ಒಬ್ಬರು ಮಗಳ ಮನೆಗೆ ಮೊಸರಿನ ಗಡಿಗೆ ಕೊಟ್ಟರೆ, ಇನ್ನೊಬ್ಬರು ಹರಳೆಣ್ಣೆ ಸೀಸೆ ಕೊಡುತ್ತಿದ್ದರು. ಮೊಸರು ತುಳುಕದ ಹಾಗೆ ಓಡಿ ರಾಜ್ಯಮಟ್ಟಕ್ಕೆ ಹೋದವರು ಯಾರೂ ಇಲ್ಲ.

ತುಮಕೂರಿನಲ್ಲಿ ಆಯ್ಕೆಯ ಓಟ ನಡೆದಾಗ ಹಿಂದೆ ಬಿದ್ದೆ. ಸೋತದ್ದಕ್ಕಲ್ಲ, ಸೋತರೂ ಏನೂ ಅನ್ನಿಸದೇ ಹೋದದ್ದಕ್ಕೆ ಹೆದರಿಕೆಯಾಯಿತು. ಮಾರನೆ ದಿನ ಎದ್ದು ಬೂಟಿನ ಮುಂದೆ ಕೂತೆ. ಕಾಲು ತೂರಿಸಲು ಮನಸ್ಸೇ ಬರಲಿಲ್ಲ. ಅದರ ಮಾರನೆ ದಿನವೂ ಅಷ್ಟೇ. ಇಷ್ಟು ವರ್ಷ ಓಟವೊಂದನ್ನೇ ನೆಚ್ಚಿಕೊಂಡಿದ್ದವನಿಗೆ ಇನ್ನು ಮುಂದೇನು ಅಂತ ತೋಚದೆ ನಿಜಕ್ಕೂ ಸಂಕಟವಾಯಿತು.

ಓಡುವಾಗ ನಗುತ್ತಿದ್ದ ಊರು ಈಗ ವಿಚಾರಿಸಲು ಬಂತು. ಒಬ್ಬರು ಕಷಾಯ ತಂದರು, ಇನ್ನೊಬ್ಬರು ಮದುವೆ ಮಾಡಿದರೆ ಸರಿಹೋಗುತ್ತದೆ ಅಂದರು. ಎದುರು ಮನೆಯ ಅಜ್ಜಿ ಮಾತ್ರ ನಿಜ ಹೇಳಿದಳು.

"ನೀವು ಆ ಕಡೆಯಿಂದ ಓಡ್ಕಂಡ್ ಬಂದ್ರೆ ಹಸ ಕರೆಯೋ ಹೊತ್ತಾಯ್ತು ಅಂತ ಏಳ್ತಿದ್ದೆ. ಈಗ ಹೊತ್ತೇ ಗೊತ್ತಾಗಕಿಲ್ಲ. ಓಡಕ್ಕಾಗ್ದಿದ್ರೆ ಬುಡಿ ಮೇಷ್ಟ್ರೇ, ನಡ್ಕಂಡಾದ್ರೂ ಒಂದ್ ಸಲ ಹೋಗ್ಬನ್ನಿ."

ಯಜಮಾನರ ಬಾವಿ

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸೆಕೆ ತಾಳಲಾರದೆ ಶಾಲೆಯ ಹಿಂದಿನ ತೋಟದ ಬಾವಿಗೆ ಧುಮುಕಿದೆ. ಮೆಟ್ಟಿಲಿರುವ ದೊಡ್ಡ ಬಾವಿ, ತಣ್ಣನೆಯ ನೀರು. ಅಂಗಾತ ತೇಲುತ್ತಾ ಮೇಲಿನ ತೆಂಗಿನ ಗರಿಗಳನ್ನು ನೋಡುತ್ತಿದ್ದಾಗ ಹಗುರಾದೆ. ಇಲ್ಲಿ ಬಸ್ಸು ನಿಲ್ಲುವುದಿಲ್ಲ, ಯಾರೂ ಮೊಸರು ಕೊಡುವುದಿಲ್ಲ! ಮಾರನೆ ದಿನ ನಮ್ಮ ಶಾಲೆಯ ಹುಡುಗರೂ ಬಂದರು. ಒಣಗಿದ ತೆಂಗಿನಕಾಯಿ ಎರಡನ್ನು ಜೋಡಿ ಕಟ್ಟಿ, ಒಂದೊಂದು ಕಂಕುಳಿಗೆ ಒಂದೊಂದು ಕೊಟ್ಟು ಈಜು ಕಲಿಸತೊಡಗಿದೆ. ಹುಡುಗರು ಕೇಕೆ ಹಾಕುತ್ತಾ ತೇಲುವುದನ್ನು ನೋಡಿದರೆ ಕಪ್ ಗೆದ್ದ ದಿನವೂ ಇಷ್ಟು ಸಂತೋಷವಾಗಿರಲಿಲ್ಲ.

ಒಂದು ಸಂಜೆ ತೋಟದ ಯಜಮಾನರು ಬಂದರು. ಭಾರೀ ಮೈಕಟ್ಟಿನವರು, ಕೊಬ್ಬರಿ ವ್ಯಾಪಾರದಲ್ಲೇ ಕೂದಲು ನರೆತವರು. ಕೈಗೆ ಕಾಯಿ ಸಿಕ್ಕರೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸದೆ ಕೆಳಗಿಡುವವರಲ್ಲ. ಒಳಗಿನ ನೀರೆಲ್ಲ ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಅಂದರೆ ಅದು ಗಿಟುಕು, ಅಟ್ಟದಿಂದ ಇಳಿಸಿ ಸುಲಿಯಲು ತಯಾರು ಅಂತ ಲೆಕ್ಕ; ಆಮೇಲೆ ನೀರು ಸೋಕಿದರೆ ಮಾಲು ಕೆಟ್ಟಿತು. ಮದುವೆಮನೆಯ ತಾಂಬೂಲದ ಕಾಯಿಯನ್ನೂ ಅಲ್ಲಾಡಿಸಿಯೇ ಚೀಲಕ್ಕೆ ಹಾಕುತ್ತಿದ್ದರು.

"ಮೇಷ್ಟ್ರೇ, ಮಕ್ಳಿಗೆ ಹೆಚ್ಚುಕಮ್ಮಿ ಆದ್ರೆ ಊರೋರು ನನ್ನ ಹಿಡ್ಕತಾರೆ. ಮೊದ್ಲು ನಾನೇ ಇಳೀತೀನಿ. ಈ ದೇಹ ತೇಲಿದ್ರೆ ಮಕ್ಳೂ ತೇಲ್ತಾವೆ. ಇಲ್ದಿದ್ರೆ ನಾಳೆಯಿಂದ ತೋಟದ ಗೇಟಿಗೆ ಬೀಗ."

ಓಟ ಕಳಕೊಂಡ ನನಗೆ ಸಿಕ್ಕ ಹೊಸ ದಾರಿ ಆ ಬಾವಿಯೊಂದೇ. ಅವರಾದರೋ ಹುಟ್ಟಿದಾಗಿನಿಂದ ತಮ್ಮ ಬಾವಿಗೆ ಇಳಿದವರಲ್ಲ. ಹುಡುಗರು ತೋಟದಲ್ಲಿ ಸುಲಿಯಲು ಇಳಿಸಿದ್ದ ರಾಶಿಯಿಂದ ದಪ್ಪನೆಯ ಎರಡು ಕಾಯಿ ಆರಿಸಿ, ಜೋಡಿ ಕಟ್ಟಿ ತಂದರು. ಯಜಮಾನರು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಮನೆದೇವರನ್ನು ನೆನೆಯುತ್ತಾ ಇಳಿದರು. ನಾನು ಪಕ್ಕದಲ್ಲೇ ಇದ್ದು ನಡುಬಾವಿಗೆ ಕರೆದೊಯ್ದೆ. "ಕಾಲು ಬಡೀರಿ ಯಜಮಾನ್ರೇ, ನಿಲ್ಲಿಸ್ಬೇಡಿ" ಅಂದೆ. ಬಡಿದರು. ಆ ಅಲುಗಾಟಕ್ಕೆ ಕಂಕುಳಲ್ಲಿ ಗುಡುಗುಡು ಅಂತು.

ಯಜಮಾನರು ಕಣ್ಣು ಬಿಟ್ಟರು. ಎರಡೂ ಕೈಯಿಂದ ಕಾಯಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಲೇ, ಇದು ಗಿಟುಕು ಕಣ್ರಲಾ! ಅಪ್ಪಟ ಗಿಟುಕು ತಂದು ನೀರಿಗೆ ಹಾಕಿದ್ದೀರಲ್ರಲಾ!"

ನಾನು ಹಿಡಿಯುವಷ್ಟರಲ್ಲಿ ಜೋಡಿ ಕಾಯಿಯನ್ನು ಬೀಸಿ ಒಣ ಮೆಟ್ಟಿಲಿಗೆ ಎಸೆದರು. ಕೈಯಲ್ಲಿ ಏನೂ ಇಲ್ಲ. ಕಾಯಿ ಎಲ್ಲಿ ಉರುಳಿ ಮತ್ತೆ ನೀರಿಗೆ ಬೀಳುತ್ತೋ ಎಂದು, ನಮ್ಮನ್ನೆಲ್ಲ ಬೈಯುತ್ತಾ, ನೀರನ್ನು ರಪರಪ ಬಡಿಯುತ್ತಾ, ತಾವೇ ಮೆಟ್ಟಿಲು ಸೇರಿದರು. ಹುಡುಗರು ಚಪ್ಪಾಳೆ ಹೊಡೆದರು. ನಾನು ಹಿಂದೆಯೇ ಹೋಗಿ, "ಯಜಮಾನ್ರೇ, ನೀವು ಈಜಿದ್ರಿ! ಕಾಯಿ ಇಲ್ದೆ ಈಜಿದ್ರಿ!" ಎಂದು ಕೂಗಿದೆ.

ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಪಂಚೆ ಹಿಂಡಿ, ಅದರ ತುದಿಯಿಂದ ಕಾಯಿಯ ಮೈಯನ್ನು ಮಗುವಿಗೆ ಒರೆಸುವ ಹಾಗೆ ಒರೆಸಿ, ಇನ್ನೊಮ್ಮೆ ಕಿವಿಗೆ ಹಿಡಿದು ಸಮಾಧಾನಪಟ್ಟುಕೊಂಡರು. ಆಮೇಲೆ ಹೇಳಿದರು:

"ಮಕ್ಳನ್ನ ಬಾವಿಗೆ ಬುಡಿ ಮೇಷ್ಟ್ರೇ, ನಾನೇನೂ ಬ್ಯಾಡ ಅನ್ನಕಿಲ್ಲ. ಕಾಯಿ ಮಾತ್ರ ಬುಡಬ್ಯಾಡಿ."