ಫಿಯಟ್ಟಿನ ಉಲ್ಟಾ ಬಾಗಿಲು

ಎಲ್ಲಕ್ಕೂ ಕಾರಣ, ಪಂಕ್ಚರ್ ಅಂಗಡಿಯ ಹುಸೇನಬಾಷಾ ಬೆಳಿಗ್ಗೆ ಕಳಕಪ್ಪನ ಶೆಡ್ಡಿನೊಳಗೆ ಇಣುಕಿದ್ದು.

ಕುಷ್ಟಗಿಯಲ್ಲಿ ಕಳಕಪ್ಪನೆಂದರೆ ಗೇಟು, ಕೂಲರ್ ಸ್ಟ್ಯಾಂಡು ಮಾಡುವ ವೆಲ್ಡರ್. ಅಂಥವನ ಕೈಗೆ ಹೈಸ್ಕೂಲ್ ಟೀಚರ್ ಸುರೇಖಾ, ತಂದೆ ಓಡಿಸುತ್ತಿದ್ದ, ಅರವತ್ತು ವರ್ಷ ದಾಟಿದ ಫಿಯಟ್ ಕಾರನ್ನು ಒಪ್ಪಿಸಿದ್ದರು. ಮುಂದಿನ ಎರಡು ಬಾಗಿಲುಗಳು ತುಕ್ಕು ಹಿಡಿದು, ತುಂಡುತುಂಡಾಗಿ ಗೋಣಿಚೀಲದಲ್ಲಿ ಬಂದಿದ್ದವು. ಕಳಕಪ್ಪ ನಾಲ್ಕು ತಿಂಗಳು ಕೂತು, ಕಬ್ಬಿಣ ಕೊರೆದು ಉಜ್ಜಿ ಹೊಸ ಬಿಜಾಗರಿ ಮಾಡಿದ. ತಗಡು ಬಡಿದು ಬಾಗಿಲಿನ ಹೊರಮೈ ಮಾಡಿದ. ಮೊದಲ ಮೂರು ತಗಡುಗಳು ಬೆಸುಗೆಯ ಕಾವಿಗೆ ಎಣ್ಣೆಗೆ ಬಿಟ್ಟ ಸಂಡಿಗೆಯಂತೆ ಉಬ್ಬಿಕೊಂಡವು. ಆಮೇಲಿನವು ಮಾತು ಕೇಳಿದವು.

ಅವತ್ತು ಮಧ್ಯಾಹ್ನ ಕೊಪ್ಪಳದಲ್ಲಿ ಹಳೆಯ ವಾಹನಗಳ ಪ್ರದರ್ಶನ. ಕೈಯಿಂದ ಮಾಡಿದ ಬಿಡಿಭಾಗಕ್ಕೆ ಬೇರೆಯೇ ಬಹುಮಾನವಿತ್ತು. ಬಾಗಿಲು ಕೂರಿಸಿ ಕಳಕಪ್ಪ ಬೆವರು ಒರೆಸಿಕೊಳ್ಳುತ್ತಿದ್ದ.

"ಕಳಕಪ್ಪಣ್ಣಾ, ಬಾಗಲಾ ಉಲ್ಟಾ ಹಚ್ಚಿಯಲ್ಲೋ!" ಎಂದ ಹುಸೇನಬಾಷಾ. "ಬಿಜಾಗರಿ ಹಿಂದ, ಹಿಡಿಕಿ ಮುಂದ! ಯಾವ ಕಾರಿನ ಬಾಗಲಾ ಹಿಂಗ ತೆಗಿತೈತಿ?"

"ಹಳೇ ಬೋಲ್ಟಿನ ತೂತು ಇಲ್ಲೇ ಅದಾವೋ ಮಾರಾಯ," ಎಂದ ಕಳಕಪ್ಪ.

"ಅವನ್ನ ಇಲಿ ಕಡದಿರಬೇಕು," ಎಂದ ಚಹಾ ತಂದ ಸಣ್ಣಪ್ಪ.

"ಕಬ್ಬಿಣಾನ ಇಲಿ ಕಡಿತೈತೇನಲೇ?" ಎಂದ ಕಳಕಪ್ಪ.

"ಕುಷ್ಟಗಿ ಇಲಿ ನಿನಗ ಗೊತ್ತಿಲ್ಲ ಬಿಡು."

ಹತ್ತು ನಿಮಿಷದಲ್ಲಿ ಹತ್ತು ಮಂದಿ ನೆರೆದರು. ಒಬ್ಬೊಬ್ಬರೂ ಬಾಗಿಲು ತೆಗೆದು ಹಾಕಿ, ಕೈಮೀರಿದ ರೋಗಿಯನ್ನು ನೋಡಿದ ಡಾಕ್ಟರರಂತೆ ತಲೆಯಾಡಿಸಿದರು. ಕಳಕಪ್ಪನ ಧೈರ್ಯ ಕರಗಿತು. ಎರಡೂ ಬಾಗಿಲು ಬಿಚ್ಚಿ, ಕಾರಿನ ಮುಂದಿನ ಕಂಬಕ್ಕೆ ಹೊಸ ತೂತು ಕೊರೆಯಲು ಡ್ರಿಲ್ ಎತ್ತಿದ. ಅಷ್ಟರಲ್ಲಿ ಸುರೇಖಾ ಸ್ಕೂಟಿಯಲ್ಲಿ ಬಂದಿಳಿದರು.

"ಅಯ್ಯ! ಏನ್ ಮಾಡಾಕ್ಹತ್ತೀರಿ ಕಳಕಪ್ಪಣ್ಣಾರ?"

"ಉಲ್ಟಾ ಆಗಿತ್ರೀ ಟೀಚರ್, ಸೀದಾ ಮಾಡಾಕ್ಹತ್ತೀನ್ರಿ."

"ಆ ಕಾಲದ ಫಿಯಟ್ಟಿನ ಮುಂದಿನ ಬಾಗಲಾ ತೆಗಿಯೂದ ಉಲ್ಟಾನ್ರಿ! ನಮ್ಮಪ್ಪ ನಲವತ್ತು ವರ್ಷ ಹಿಂಗ ಹತ್ತಿ ಇಳದಾರ!"

ನೆರೆದವರು ಮೆಲ್ಲಗೆ ಹೊರಗೆ ಜಾರಲು ನೋಡಿದರು. ಸಣ್ಣಪ್ಪ ಚಹಾ ಲೋಟ ಎಣಿಸತೊಡಗಿದ. ಕಳಕಪ್ಪ ಡ್ರಿಲ್ ಕೆಳಗಿಟ್ಟು, "ಯಾರೂ ಹೋಗಂಗಿಲ್ಲ! ಹಿಡೀರಿ ಬಾಗಲಾ!" ಎಂದು ಗುಡುಗಿದ. ಹತ್ತು ಮಂದಿಯೂ ಬಾಗಿಲು ಎತ್ತಿ ಹಿಡಿದರು. ಕಳಕಪ್ಪ ಬೋಲ್ಟು ಬಿಗಿದು, ಒಂದೇ ಬೆರಳಿನಿಂದ ಬಾಗಿಲು ನೂಕಿದ. 'ಟಪ್' ಎಂದಿತು. ಅಷ್ಟೇ.

ಕೊಪ್ಪಳದ ದಾರಿಯಲ್ಲಿ, ಹಿಟ್ನಾಳದ ಹತ್ತಿರ ಹಂಪ್ ಮೇಲೆ ಕಾರು ಎಗರಿದಾಗ, ಹಿಂದೆ ಕೂತಿದ್ದ ಹುಸೇನಬಾಷಾ ಮತ್ತು ಸಣ್ಣಪ್ಪನ ಹಲ್ಲುಗಳು ಕಟಕಟ ಎಂದವು. ಬಾಗಿಲುಗಳು ಉಸಿರೆತ್ತಲಿಲ್ಲ.

ಕೊಪ್ಪಳದಲ್ಲಿ ತೀರ್ಪುಗಾರರು ಗಂಗಾವತಿಯ ಹಳೆಯ ಮೆಕ್ಯಾನಿಕ್ ಅಸ್ಲಮ ಸಾಹೇಬರು. ಬಾಗಿಲು ಕೈಯಿಂದ ಮಾಡಿದ್ದು ಎಂದು ಸುರೇಖಾ ಹೇಳಿದ್ದೇ, ಅವರು ಅದರ ಅಂಚಿಗೆ ಉಗುರು ಆಡಿಸಿದರು. ಕಿವಿಯಿಟ್ಟು, ಕಣ್ಣು ಮುಚ್ಚಿ, ಹತ್ತು ಸಲ ತೆಗೆದು ಹಾಕಿದರು.

"ಸುಳ್ಳ ಹೇಳಬ್ಯಾಡ್ರಿ ಟೀಚರ್. ಇವು ಕಂಪನಿ ಬಾಗಲಾ. ಕೈಲೆ ಮಾಡಿದ್ದಲ್ಲ."

"ಇವರ ಮಾಡ್ಯಾರ್ರಿ!" ಎಂದು ಸುರೇಖಾ ಕಳಕಪ್ಪನತ್ತ ಕೈ ತೋರಿದರು.

"ನಾವ ಸಾಕ್ಷಿ ಸಾಹೇಬ್ರ," ಎಂದು ಹುಸೇನಬಾಷಾ ಮುಂದೆ ಬಂದ. "ನಮ್ಮ ಸಲಹಾ ಕೇಳಿ ಕೇಳೀನ ಮಾಡ್ಯಾನ್ರಿ!"

ಸಾಹೇಬರು ನಕ್ಕರು. "ಇಂಥಾ ಕೆಲಸ ಮಾಡಾವ್ರು ನಮ್ಮ ಜಿಲ್ಲಾದಾಗ ಹುಟ್ಟಿಲ್ಲ."

ಕೈಕೆಲಸದ ಬಹುಮಾನ ಒಂದು ಜೀಪಿಗೆ ಹೋಯಿತು. ಅದರ ಬಾಗಿಲ ಸಂದಿಯಲ್ಲಿ ಮುಂಗೈ ತೂರುತ್ತಿತ್ತು. ಸುರೇಖಾ ಅವರಿಗೆ 'ಮೂಲ ಬಾಗಿಲುಗಳನ್ನು ಕಾಪಾಡಿದ್ದಕ್ಕೆ' ಒಂದು ಕಪ್ ಸಿಕ್ಕಿತು. ಸಿಟ್ಟಿಗೆದ್ದ ಅವರು ಅದನ್ನು ಹಿಂದಿರುಗಿಸಲು ಹೊರಟರೆ ಕಳಕಪ್ಪನೇ ಅಡ್ಡ ನಿಂತ. ಅವನ ಮುಖ ಹುಣ್ಣಿಮೆಯಾಗಿತ್ತು.

"ಬ್ಯಾಡ್ರಿ ಟೀಚರ್! ಕಂಪನಿದು ಅಂದ್ರಲ್ರಿ! ನಾ ಮಾಡಿದ್ದಕ್ಕ ಕಂಪನಿದು ಅಂದ್ರಲ್ರಿ!"

ಹುಸೇನಬಾಷಾ, ಸಣ್ಣಪ್ಪ ಅವನನ್ನು ಹೆಗಲ ಮೇಲೆ ಎತ್ತಿ ಕುಣಿದರು. ಗದ್ದಲ ಕೇಳಿ ಅಸ್ಲಮ ಸಾಹೇಬರು ಬಂದು, ಕಳಕಪ್ಪನನ್ನು ಇಳಿಸಿ, ಪಕ್ಕಕ್ಕೆ ಕರೆದರು.

"ನೀನೂ ವೆಲ್ಡರ್ ಅಂತಲ್ಲಪಾ? ಈ ಬಾಗಲಾ ಛಲೋತ್ನಂಗ ನೋಡ್ಕೋ. ಮನಸಿಟ್ಟು ಕಲ್ತ್ರ, ಹತ್ತು ವರ್ಷದಾಗ ಇದರ ಅರ್ಧದಷ್ಟರೆ ಮಾಡಾಕ ಬಂದೀತು."

"ಭಾಳ ಕಷ್ಟ ಐತ್ರಿ ಸಾಹೇಬ್ರ," ಎಂದು ಕಳಕಪ್ಪ ನಗು ನುಂಗಿ ಕೈಮುಗಿದ, "ಆದ್ರೂ ಪ್ರಯತ್ನ ಮಾಡ್ತೀನ್ರಿ."