ನನ್ನ ನಾಲಗೆಯ ಬಾಗಿಲುಗಳು

ಲಗ್ನದ ಒಲೆ ಹೊತ್ತಿದರೆ ಸಾಕು, ಅನ್ನ ಬೇಯುವುದರೊಳಗೆ ನಗುವಂಥದ್ದು ಏನಾದರೊಂದು ಆಗಿಯೇ ತೀರುತ್ತಿತ್ತು. ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಲಗ್ನದ ಅಡುಗೆ ಅಂದರೆ ನಾನೇ ನೋಡ್ರಿ. ಆ ತಾಮ್ರದ ಹಂಡೆ, ಆ ಕಟ್ಟಿಗೆಯ ಹೊಗೆ ಈಗ ಎಲ್ಲಿವೆ?

೧. ಪಂದ್ಯ

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಲಾರಿ ಡ್ರೈವರ್ ಒಬ್ಬ ಖಾರ ತಿನ್ನುವ ಪಂದ್ಯ ಕಟ್ಟಿದ. ನಾನು ಒಂದು ಬುಟ್ಟಿ ಹಸಿ ಮೆಣಸಿನಕಾಯಿ ತಿಂದು ಒಂದು ತೇಗೂ ತೆಗೆಯಲಿಲ್ಲ. ನಾನು ಉಂಡ ಎಲೆಯನ್ನು ನೆಕ್ಕಿದ ನಮ್ಮ ನಾಯಿ ಮಾತ್ರ ಓಟ ಕಿತ್ತಿತು. ಮರುದಿನ ದೂರದ ಮುಡಬಿ ಊರಿನ ಬಸ್ ಕಂಡಕ್ಟರ್ ಬಂದು ಹೇಳಿದ: "ಕಾಕಾ, ನಿಮ್ಮ ನಾಯಿ ಹಿಡಕೊಂಡ ಬರ್ರಿ. ನಮ್ಮೂರ ಕೆರಿ ಅರ್ಧ ಖಾಲಿ ಮಾಡ್ಯದ!"

೨. ಕಣ್ಣೀರು

ಮೂವತ್ತು ವರ್ಷ ಹೀಗೇ ಖಾರ ನೆಕ್ಕಿ ನೆಕ್ಕಿ ಕಳೆದೆ. ಬಸವಕಲ್ಯಾಣದ ಒಂದು ಲಗ್ನದಲ್ಲಿ ಸಾರಿನ ರುಚಿ ನೋಡಿದೆ. ಸಪ್ಪಗೆ ಅನಿಸಿತು. ಎರಡು ಬೊಗಸೆ ಖಾರಪುಡಿ ಸುರಿದೆ. ಗಂಡಿನ ಕಡೆಯವರು ಸಾಲಾಗಿ ಕೂತು ಕಣ್ಣು, ಮೂಗು ಒರೆಸತೊಡಗಿದರು. ಹೆಣ್ಣಿನ ತಾಯಿ ಬೆರಗಾಗಿ, "ಮಗಳ್ನ ಕಳಸೋರು ನಾವು, ಅಳಾಕತ್ತೋರು ಅವ್ರು! ಎಂಥ ಅಂತಃಕರಣದ ಬೀಗರ ಸಿಕ್ಕಾರವ್ವ!" ಅಂದಳು.

ಅತ್ತ ಬೀಗರಿಗೆ ಮಾತ್ರ ಅದು ನನ್ನ ಸಾರಿನ ಖಾರವೆಂದು ಗೊತ್ತಿತ್ತು. ಬರಬೇಕಾಗಿದ್ದ ಎರಡು ಲಗ್ನ ಕೈತಪ್ಪಿದವು. "ಇನ್ನೊಂದು ಊಟ ಕೆಟ್ರ ಸೌಟು ಅಟ್ಟಕ್ಕ ಒಗೀರಿ," ಅಂದಳು ನನ್ನ ಹೆಂಡತಿ.

೩. ಡಾಕ್ಟರರ ಪಾಠ

ಅಂದು ಅತ್ತವರಲ್ಲಿ ಹುಮನಾಬಾದಿನ ಡಾಕ್ಟರರೂ ಒಬ್ಬರು. ಕರೆಸಿ ನನ್ನ ಬಾಯಿ ತೆರೆಸಿ ನೋಡಿದರು.

"ಖಾರ ಹಿಡಿಲಿಕ್ಕೆ ನಾಲಗ್ಯಾಗಿನ ಸಣ್ಣ ಸಣ್ಣ ಜೀವಕಣಕ್ಕ ಬಾಗಿಲ ಇರ್ತಾವ. ಆ ಬಾಗಿಲ ಮಾಡೋದು ಹ್ಯಾಂಗ ಅಂತ ಕಣದ ಒಳಗೇ ಬರೆದಿಟ್ಟಿರ್ತದ. ಅದಕ್ಕ ಜೀನ್ ಅಂತಾರ. ಆ ಬರಹ ಹೆಚ್ಚು ಓದಿದ್ರ ಬಾಗಿಲ ಹೆಚ್ಚು, ಕಡಿಮಿ ಓದಿದ್ರ ಕಡಿಮಿ. ನೀ ದಿನಾ ಖಾರ ಸುರುವಿದಿ. ನಿನ್ನ ಕಣ ಬ್ಯಾಸತ್ತು ಓದೋದು ಬಿಟ್ಟಂಗ ಕಾಣ್ತದ."

"ಸಾಹೇಬ್ರ, ನಾ ಸಾಲಿ ಮೆಟ್ಟಲ ಹತ್ತಿದವ ಅಲ್ಲ. ನನ್ನ ಕಣ ಇಷ್ಟು ದಿನ ಓದಿದ್ದೇ ದೊಡ್ಡದ್ರಿ!"

ಡಾಕ್ಟರರು ನಕ್ಕು, "ಒಂದು ತಿಂಗಳು ಖಾರ ಮುಟ್ಟಬ್ಯಾಡ. ಮತ್ತ ಓದ್ತಾವ, ಬಾಗಿಲ ಬರ್ತಾವ. ಆಮ್ಯಾಲೆ ನನ್ನ ಮಗಳ ಲಗ್ನದ ಅಡಗಿ ನಿಂದೇ," ಅಂದರು.

೪. ಡಾಕ್ಟರರ ಮಗಳ ಲಗ್ನ

ತಿಂಗಳಿಡೀ ಹಾಲು ಅನ್ನ ಉಂಡೆ. ಇಂಥ ವ್ರತ ಈ ಸೀಮೆಯಲ್ಲಿ ಇನ್ನೊಬ್ಬ ಹಿಡಿದಿಲ್ಲ. ಲಗ್ನದ ದಿನ ಬಂತು. ಈ ಊಟ ಕೆಟ್ಟರೆ ನನ್ನ ಹೆಸರು ಮುಗಿದ ಹಾಗೆ. ಸಾರಿನ ಒಂದೇ ಹನಿ ಅಂಗೈಗೆ ಹಾಕಿ ನೆಕ್ಕಿದೆ ನೋಡ್ರಿ, ನೆತ್ತಿಗೆ ಬೆಂಕಿ ಬಿತ್ತು! ನಾಲ್ಕು ಕೊಡ ನೀರು ನಿಂತಲ್ಲೇ ಕುಡಿದೆ. ಬಾಗಿಲುಗಳು ಬರೀ ಬಂದಿರಲಿಲ್ಲ, ಹಿಂಡುಗಟ್ಟಿ ಬಂದಿದ್ದವು. ಸಾರಿಗೆ ನೀರು, ಕೊಬ್ಬರಿ, ಬೆಲ್ಲ, ಮೊಸರು ಎಲ್ಲ ಸುರಿದು ನನ್ನ ನಾಲಗೆ ಒಪ್ಪುವಷ್ಟು ಹದ ಮಾಡಿದೆ.

ಪಂಕ್ತಿ ಕೂತಿತು. ಒಬ್ಬರ ಕಣ್ಣಲ್ಲೂ ನೀರಿಲ್ಲ. ನಾನು ಸೌಟು ಹಿಡಿದು ಎದೆಯುಬ್ಬಿಸಿ ನಿಂತೆ. ಆಗ ಗಂಡಿನ ಕಡೆಯ ಹಿರಿಯರೊಬ್ಬರು ಡಾಕ್ಟರರನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು:

"ಡಾಕ್ಟರ್ ಸಾಹೇಬ್ರ, ಬಂದವರಿಗೆಲ್ಲಾ ಪಥ್ಯದ ಊಟ ಹಾಕ್ಸಾಕತ್ತೀರಿ. ಅಂಜಬ್ಯಾಡ್ರಿ, ಖರೇ ಹೇಳ್ರಿ. ನಮಗ ಬಂದ ರೋಗ ಯಾವುದು?"