ಭವಾನಿಪುರಂ ಮನೆಯ ನೀಲಿ ಕೇಬಲ್

ಬ್ಯಾಂಕಿನವರು ವರ್ಗವಾಗಿ ಬೇರೆ ಊರಿಗೆ ಹೋದರೆ ಫಜೀತಿಗಳು ಹುಡುಕಿಕೊಂಡು ಬರುತ್ತವೆ. ವಿಜಯವಾಡದಲ್ಲಿ ನನಗೆ ಅವು ಕೇಬಲ್ ಹಿಡಿದುಕೊಂಡೇ ಬಂದವು. ಇಂಟರ್ನೆಟ್ ಆಮೆನಡಿಗೆಯಲ್ಲಿದ್ದ ಕಾಲ. ಈಗ ನೆನೆದರೆ ಆ ನಿಧಾನವೂ ಹಿತವೆನಿಸುತ್ತದೆ. ಹೆಂಡತಿ, ಎರಡು ತುಂಬದ ಮಗಳು ಧಾರವಾಡದಲ್ಲಿ. ನಾನು ಭವಾನಿಪುರಂನ ಒಂದು ಮಹಡಿ ಕೋಣೆಯಲ್ಲಿ. ಮಗಳು ನನ್ನ ಮುಖ ಮರೆತಾಳೆಂಬ ಹೆದರಿಕೆಗೇ ಇಂಟರ್ನೆಟ್ ಹಾಕಿಸಿದೆ. ಫೋನಿದ್ದದ್ದು ಕೆಳಗೆ ಓನರ್ ಮನೆಯಲ್ಲಿ, ಹಾಗಾಗಿ ಮೋಡೆಮ್ಮೂ ಅಲ್ಲೇ. ಅಲ್ಲಿಂದ ನನ್ನ ಕಂಪ್ಯೂಟರಿಗೆ ಕೇಬಲ್ ಎಳೆಯಬೇಕಿತ್ತು.

ಐದೋ, ಆರೋ

ಬೆಂಜ್ ಸರ್ಕಲ್ ಹತ್ತಿರದ ಅಂಗಡಿಯವನು ಎರಡು ಕೇಬಲ್ ಮುಂದಿಟ್ಟ. "ಇದು ಕ್ಯಾಟ್ ಫೈವ್, ಅದು ಕ್ಯಾಟ್ ಸಿಕ್ಸ್. ನಿಮ್ಮ ಸ್ಪೀಡಿಗೆ ಫೈವೇ ಹೆಚ್ಚು ಸಾರ್" ಎಂದ. ಅಗ್ಗದ್ದನ್ನೇ ಕೊಳ್ಳಿ ಎನ್ನುವ ಅಂಗಡಿಯವನನ್ನು ನಾನು ನಂಬುವುದಿಲ್ಲ. ವಿಶಾಖಪಟ್ಟಣದ ಶಾಖೆಯಲ್ಲಿದ್ದ ನಮ್ಮೂರ ಗೆಳೆಯನಿಗೆ ಫೋನ್ ಮಾಡಿದೆ.

"ಐದಕ್ಕಿಂತ ಆರು ದೊಡ್ಡದಲ್ಲೇನೋ? ಮಗಳ ಮುಖ ನೋಡಾಕ ಜಿಪುಣತನ ಮಾಡ್ತೀಯೇನು?" ಎಂದು ಬೈದ.

ದಪ್ಪಗಿನ ನೀಲಿ ಸಿಕ್ಸನ್ನೇ ತಂದು ಎಳೆಸಿದೆ. ಸ್ಪೀಡು ಕೂದಲೆಳೆಯಷ್ಟೂ ಏರಲಿಲ್ಲ. ಮತ್ತೆ ಅವನಿಗೇ ಫೋನ್ ಮಾಡಿ, "ನಿಮ್ಮನ್ಯಾಗ ಯಾವುದು ಹಾಕೀಯಪ್ಪ?" ಎಂದೆ.

"ನಮ್ಮನ್ಯಾಗ ಕಂಪ್ಯೂಟರೇ ಇಲ್ಲಲ್ಲೋ" ಎಂದ.

ಸೀರೆಯ ಚಿಂತೆ

ಒಂದು ಭಾನುವಾರ ವಿಡಿಯೋ ಕರೆಯಲ್ಲಿ ಮಗಳ ಚಿತ್ರ ಬರುತ್ತಿದ್ದದ್ದು ಫಕ್ಕನೆ ಹೋಯಿತು. ಹೊರಗೆ ಬಂದು ನೋಡಿದರೆ ಓನರಮ್ಮ ನನ್ನ ಕೇಬಲ್ ಮೇಲೆ ಒದ್ದೆ ಸೀರೆ ಹರವುತ್ತಿದ್ದಾರೆ. ಭಾರಕ್ಕೆ ಕೇಬಲ್ ಜಗ್ಗಿ ಮೋಡೆಮ್ಮಿನಿಂದ ಕಿತ್ತುಬಂದಿತ್ತು. ನನ್ನ ಅರೆಬರೆ ತೆಲುಗಿನಲ್ಲಿ, "ಅಮ್ಮಾ, ಇದರೊಳಗೆ ಇಂಟರ್ನೆಟ್ ಹೋಗುತ್ತದೆ ಕದಂಡೀ" ಎಂದೆ.

ಅವರು ಗಾಬರಿಯಿಂದ ಸೀರೆ ಎಳೆದುಕೊಂಡು, ತಿರುಗಿಸಿ ಮುರುಗಿಸಿ ನೋಡಿದರು. "ಕಲೆ ಆಗುತ್ತದಾ?"

ಗುರುತು

ಕೇಬಲ್ ಸರಿಹೋದರೂ ಚಿತ್ರ ನಿಲ್ಲುವುದು ತಪ್ಪಲಿಲ್ಲ. ನಾನು ಕೈಯೆತ್ತಿ "ಪುಟ್ಟೀ" ಎನ್ನುವಷ್ಟರಲ್ಲಿ ಧಾರವಾಡದ ಕಂಪ್ಯೂಟರಿನಲ್ಲಿ ಹಾಗೇ ಕೈಯೆತ್ತಿ, ಬಾಯಿ ತೆರೆದು ಕಲ್ಲಾಗುತ್ತಿದ್ದೆನಂತೆ.

ದಸರೆ ರಜೆಗೆ ಕೊಂಡಪಲ್ಲಿ ಗೊಂಬೆ ಹಿಡಿದು ಊರಿಗೆ ಹೋದೆ. ಮಗಳು ತಾಯಿಯ ಸೆರಗಿನ ಹಿಂದೆ ಅಡಗಿದಳು. ಗೊಂಬೆ ಅಲ್ಲಾಡಿಸಿದೆ, ಕುಣಿದೆ, ಹಾಡಿದೆ. ಹೋ ಎಂದು ಅತ್ತಳು. ಅಷ್ಟೆಲ್ಲ ಒದ್ದಾಡಿಯೂ ಮಗುವಿಗೆ ನಾನು ಪರಕೀಯನೇ ಆದೆನೆಂದು ನಿಜಕ್ಕೂ ಸಂಕಟವಾಯಿತು.

ಹೆಂಡತಿ ಮೆಲ್ಲಗೆ ಹೇಳಿದಳು: "ಹಂಗ ಕುಣೀಬ್ಯಾಡ್ರಿ. ಕೈ ಎತ್ತಿ, ಬಾಯಿ ತೆಗೆದು, ಸುಮ್ಮನ ನಿಂದರ್ರಿ."

ನಿಂತೆ. ಮಗಳ ಅಳು ನಿಂತಿತು. ಸೆರಗು ಬಿಟ್ಟು ಹತ್ತಿರ ಬಂದು, ನನ್ನ ಮುಖವನ್ನೇ ನೋಡಿ, ನಕ್ಕು, "ಅಪ್ಪ" ಎಂದಳು.

ಬಹಳ ಹೊತ್ತಿನವರೆಗೆ ನನಗೆ ಬಾಯಿ ಮುಚ್ಚುವ ಧೈರ್ಯ ಬರಲಿಲ್ಲ.